ಮೈಸೂರಿನಿಂದ ನೋಡಿದ್ದು, ಆಸ್ಟಿನ್‌ನಲ್ಲಿ ಹೇಳಿದ್ದು

ತಂಗಿಯ ಮದುವೆಗೆಂದು ನಾವು ಮೂವರೂ ಮೈಸೂರಿಗೆ ಹೋದ ಬೇಸಿಗೆಯಲ್ಲಿ ಹ್ಯೂಸ್ಟನ್ನಿನ ನಮ್ಮ ಮನೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೋಗಿದ್ದೆವು. ಅವರು ಕಪ್ಪು ಜನಾಂಗದ ವಯಸ್ಸಾದ ದಂಪತಿ. ಆತ ಶಾಲೆಯೊಂದರಲ್ಲಿ ಬ್ಯಾಂಡ್ ಕಲಿಸಿ ನಿವೃತ್ತರಾದವರು, ಆಕೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ನಾವು ಆ ಬಡಾವಣೆಗೆ ಶಿಫ್ಟ್ ಆದ ಹೊಸದರಲ್ಲಿ, ಹುಲ್ಲು ಕತ್ತರಿಸುವ ಮಷೀನನ್ನು ಹೇಗೆ ಸ್ಟಾರ್ಟ್ ಮಾಡಬೇಕೆಂದು ತಿಳಿಯದೆ ನನ್ನ ಗಂಡ ಒದ್ದಾಡುತ್ತಿದ್ದುದನ್ನು ಕಂಡು, ಬೇಲಿಯ ಆಚೆಯಿಂದ ನಗುತ್ತಾ ಬಂದವರು ಅವರು. ಮಗಳಿಗೆ ಟ್ರಾಂಬೋನ್ ಊದುವುದನ್ನು ಕಲಿಸಿದ್ದೂ ಅವರೇ. ನಮ್ಮ ಮನೆಯೊಳಗೆ ಅವರಿಗೆ 'ಮೇಷ್ಟ್ರು' ಎಂಬ ಹೆಸರು ಬಿದ್ದಿತ್ತು. ಒಂದು ದಿನ ಅದರ ಅರ್ಥ ಕೇಳಿ ತಿಳಿದುಕೊಂಡ ಮೇಲೆ, ಹಾಗೇ ಕರೆಯಿರಿ ಎಂದು ಅವರೇ ಹೇಳಿದರು.

ನಾವು ಇಲ್ಲದಾಗ ಟಪಾಲು ತೆಗೆದಿಡುವುದು, ಹಿತ್ತಲಿನ ಕುಂಡಗಳಿಗೆ ನೀರು ಹಾಕುವುದು ಅವರ ಕೆಲಸ. ಟೆಕ್ಸಾಸ್ ಬಿಸಿಲಿಗೆ ಕುಂಡಗಳು ಎರಡು ದಿನವೂ ತಡೆಯುವುದಿಲ್ಲವಾದ್ದರಿಂದ ಸಂಜೆ ಬಿಸಿಲು ಇಳಿದ ಮೇಲೆ ಬಂದು ಹೋಗುತ್ತಿದ್ದರು.

ಅಲ್ಲಿ ಸಂಜೆಯಾದರೆ ಮೈಸೂರಿನಲ್ಲಿ ಮಾರನೆಯ ಬೆಳಗು. ಮದುವೆಯ ದಿನ ಛತ್ರದ ಅಂಗಳದಲ್ಲಿ ಕಾಫಿ ಹಿಡಿದು ನಿಂತಿದ್ದೆ. ಓಲಗದವರು ಆಗಷ್ಟೇ ಶುರು ಮಾಡಿದ್ದರು. ಫೋನು ಗುರ್ ಎಂದಿತು. ನಮ್ಮ ಮನೆಯ ಬಾಗಿಲ ಕ್ಯಾಮೆರಾದ ಮುಂದೆ ಯಾರಾದರೂ ಬಂದರೆ ಹಾಗೆ ತಿಳಿಸುತ್ತದೆ. ಮೇಷ್ಟ್ರು ಇರಬೇಕು, ಒಂದು ಗುಡ್ ಈವ್ನಿಂಗ್ ಹೇಳೋಣವೆಂದು ತೆರೆದೆ.

ಮೇಷ್ಟ್ರು ಇದ್ದರು. ಒಂದು ಕೈಯಲ್ಲಿ ನಮ್ಮ ಟಪಾಲು, ಇನ್ನೊಂದರಲ್ಲಿ ನೀರಿನ ಕ್ಯಾನು. ಅವರೆದುರಿಗೆ ಇಬ್ಬರು ಪೊಲೀಸರು. ಕೈ ಮೇಲೆತ್ತು ಎಂದು ಒಬ್ಬ ಕೂಗಿದ. "ನಾನು ಪಕ್ಕದ ಮನೆಯವನು," ಎನ್ನುತ್ತಾ ಮೇಷ್ಟ್ರು ಕ್ಯಾನನ್ನು ಕೆಳಗಿಡಲು ಬಗ್ಗಿದರು. ಬಗ್ಗಿದ್ದೇ ತಡ, ಅವರ ತೋಳನ್ನು ಹಿಂದಕ್ಕೆ ತಿರುಚಿ, ಸಿಮೆಂಟಿನ ನೆಲಕ್ಕೆ ಮುಖ ಹಾಕಿ ಕೆಡವಿದರು. ಒಬ್ಬ ಅವರ ಬೆನ್ನ ಮೇಲೆ ಮೊಣಕಾಲು ಊರಿ ಕೂತ.

ಆ ಕ್ಯಾಮೆರಾದಲ್ಲಿ ನಾವು ಮಾತಾಡಿದರೆ ಅಲ್ಲಿ ಕೇಳಿಸುತ್ತದೆ. ಗುಂಡಿ ಒತ್ತಿ ಇಂಗ್ಲಿಷಿನಲ್ಲಿ ಕಿರುಚಿದೆ. ಅವರು ನಮ್ಮ ನೆರೆಯವರು, ನಾನೇ ಬರಲು ಹೇಳಿದ್ದೆ, ಬಿಡಿ ಅವರನ್ನು, ದಯವಿಟ್ಟು ಬಿಡಿ. ನಿಂತಿದ್ದ ಪೊಲೀಸಿನವನು ಬಾಗಿಲ ಕಡೆಗೆ ತಿರುಗಿ, "ಯಾರದು ಮಾತಾಡ್ತಿರೋದು?" ಎಂದ. ಈ ಮನೆ ನನ್ನದು, ನಾನು ಇಂಡಿಯಾದಲ್ಲಿದ್ದೇನೆ ಎಂದೆ. ಅವನು ಅರೆಕ್ಷಣ ನೋಡಿ ಆ ಕಡೆ ತಿರುಗಿಕೊಂಡ. ನನ್ನ ಹಿಂದೆ ಓಲಗ ತಾರಕಕ್ಕೇರಿತ್ತು. ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

ಅಮ್ಮ ಓಡಿ ಬಂದರು. "ಏನೇ ಅದು, ಯಾಕ್ ಹಂಗ್ ಕಿರುಚ್ತಿದ್ದೀಯ? ಬೀಗ್ರು ಬರೋ ಹೊತ್ತು ಕಣೇ, ಎಲ್ರೂ ನೋಡ್ತಿದಾರೆ."

ನಾನು ಫೋನನ್ನು ಅಮ್ಮನ ಮುಂದೆ ಹಿಡಿದೆ. ಅಷ್ಟರಲ್ಲಿ ಮೇಷ್ಟ್ರನ್ನು ಎಬ್ಬಿಸಿ ಆಚೆಗೆ ಎಳೆದುಕೊಂಡು ಹೋಗಿದ್ದರು. ನಮ್ಮ ಮೆಟ್ಟಿಲು, ಚೆಲ್ಲಿದ ನೀರು, ಒದ್ದೆಯಾದ ಒಂದಿಷ್ಟು ಕಾಗದ ಮಾತ್ರ ಕಾಣುತ್ತಿದ್ದವು. "ಏನಿದೆ ಇದ್ರಲ್ಲಿ?" ಎಂದರು ಅಮ್ಮ.

ಮೇಷ್ಟ್ರ ಹೆಂಡತಿಗೆ ಫೋನ್ ಮಾಡಿದೆ. ಅವರು ಆಗಲೇ ಬೀದಿಯಲ್ಲಿದ್ದರು. ಬರೀ ಉಸಿರಾಟ ಕೇಳಿಸುತ್ತಿತ್ತು. ಆಮೇಲೆ ತಂಗಿಯ ಧಾರೆಗೆ ಹೋಗಿ ನಿಂತೆ, ಅಕ್ಷತೆ ಹಾಕಿದೆ, ಫೋಟೋದಲ್ಲಿ ನಕ್ಕಿದ್ದೇನೆ ಕೂಡ.

ಮನೆಯ ಹಿಂದೆ ಯಾರೋ ಗಂಡಸು ಓಡಾಡುತ್ತಿದ್ದಾನೆಂದು ಯಾರೋ ಪೊಲೀಸರಿಗೆ ಫೋನ್ ಮಾಡಿದ್ದರಂತೆ. ಅದು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಮೇಷ್ಟ್ರ ಮೇಲೆ ಕೇಸೇನೂ ಹಾಕಲಿಲ್ಲ. ಅವರ ಬಲ ಭುಜದ ಮೂಳೆ ಮುರಿದು, ನರಕ್ಕೂ ಪೆಟ್ಟಾಗಿತ್ತು.

ನಾವು ವಾಪಸು ಬಂದ ದಿನವೇ ನೋಡಲು ಹೋದೆ. ತೋಳನ್ನು ಜೋಳಿಗೆಯಂಥ ಪಟ್ಟಿಯಲ್ಲಿ ಇಳಿಬಿಟ್ಟು ಕೂತಿದ್ದರು. ಅವರೇ ಕೇಳಿದರು.

"ನಾನು ಕೆಳಗೆ ಬಿದ್ದಿದ್ದಾಗ ನಿನ್ನ ದನಿ ಕೇಳಿಸ್ತು. ಜೊತೆಗೆ ಒಂದು ವಾದ್ಯ ಕೇಳಿಸ್ತಲ್ಲ, ಏನದು?"

"ನಾದಸ್ವರ, ಮೇಷ್ಟ್ರೇ. ಮದುವೇಲಿ ಊದ್ತಾರೆ."

"ಅಷ್ಟು ಗಟ್ಟಿ ದನಿಯ ವಾದ್ಯ ನಾನು ಕೇಳೇ ಇರಲಿಲ್ಲ. ಮುಖ ನೆಲಕ್ಕೆ ಒತ್ತಿದ್ರೂ, ಇದು ಯಾವ ವಾದ್ಯ ಇರಬಹುದು ಅಂತಾನೇ ಯೋಚಿಸ್ತಿದ್ದೆ ನೋಡು," ಎಂದು ನಕ್ಕರು. ಅವರ ಹೆಂಡತಿ ಎದ್ದು ಒಳಗೆ ಹೋದರು.

ದೂರು ಕೊಟ್ಟೆವು. ಕ್ಯಾಮೆರಾದಲ್ಲಿದ್ದುದನ್ನೆಲ್ಲ ಕೊಟ್ಟೆವು. ಪೊಲೀಸರ ಮೇಲಿನ ದೂರನ್ನು ವಿಚಾರಿಸುವವರೂ ಪೊಲೀಸರೇ. ಕೆಲವು ತಿಂಗಳ ನಂತರ, ನಡೆದದ್ದೆಲ್ಲ ನಿಯಮದ ಪ್ರಕಾರವೇ ಇದೆ ಎಂದು ಉತ್ತರ ಬಂತು. ಕೈ ಎತ್ತಲು ಹೇಳಿದಾಗ ಆ ವ್ಯಕ್ತಿ ಬಗ್ಗಿದ್ದರಿಂದ ಬಲ ಬಳಸಬೇಕಾಯಿತಂತೆ.

ಅದೇ ಚಳಿಗಾಲದಲ್ಲಿ ರಾಜಧಾನಿ ಆಸ್ಟಿನ್‌ನಲ್ಲಿ ಶಾಸನಸಭೆ ಸೇರಿತು. ಟೆಕ್ಸಾಸಿನಲ್ಲಿ ಅದು ಸೇರುವುದೇ ಎರಡು ವರ್ಷಕ್ಕೊಮ್ಮೆ. ಇಂಥ ದೂರುಗಳನ್ನು ಪೊಲೀಸರಲ್ಲದ ಹೊರಗಿನ ಜನ ವಿಚಾರಿಸಬೇಕೆಂಬ ಮಸೂದೆಯೊಂದು ಸಮಿತಿಯ ಮುಂದೆ ಬರುತ್ತದೆಂದು ಮೇಷ್ಟ್ರ ಚರ್ಚಿನವರಿಗೆ ತಿಳಿಯಿತು. ಯಾರು ಬೇಕಾದರೂ ಹೋಗಿ ಸಾಕ್ಷಿ ಹೇಳಬಹುದು. "ನೋಡಿದವಳು ನೀನೊಬ್ಬಳೇ, ಬರ್ತೀಯಾ?" ಎಂದು ಮೇಷ್ಟ್ರ ಹೆಂಡತಿ ಬೇಲಿಯ ಹತ್ತಿರ ನಿಂತು ಕೇಳಿದರು. ಬರುತ್ತೇನೆ ಎಂದೆ.

ಸುದ್ದಿ ಹೇಗೋ ಡಾಲಸ್ ಕಡೆ ಸೌತ್‌ಲೇಕ್‌ನಲ್ಲಿರುವ ನನ್ನ ಭಾವನ ಕಿವಿಗೆ ಬಿತ್ತು. ಗಂಡನ ಅಣ್ಣ, ನಾವು ಈ ದೇಶಕ್ಕೆ ಬಂದಾಗ ಅವರ ಮನೆಯಲ್ಲೇ ಇಳಿದುಕೊಂಡಿದ್ದೆವು.

"ಯಾಕಮ್ಮ ನಿಂಗಿದೆಲ್ಲ?" ಎಂದರು ಫೋನಿನಲ್ಲಿ. "ಗ್ರೀನ್ ಕಾರ್ಡ್ ಇನ್ನೂ ಕೈಗೆ ಬಂದಿಲ್ಲ. ಹೋಗಿ ಪೊಲೀಸರ ವಿರುದ್ಧ ಮೈಕ್ ಹಿಡ್ಕೊಂಡು ಮಾತಾಡ್ತೀನಿ ಅಂತೀಯಲ್ಲ."

"ನಮ್ಮನೆ ಬಾಗಿಲಲ್ಲೇ ಆಗಿದ್ದು, ಭಾವ."

"ಆಗಿದ್ದು ಅವರಿಗೆ. ನಮಗಲ್ಲ."

"ಮೇಷ್ಟ್ರ ಬದಲು ನೀವೇ ನೀರು ಹಾಕೋಕ್ ಬಂದಿದ್ರೆ?"

"ಅದಕ್ಕೇ ನಾನು ಯಾರ ಮನೆಗೂ ಹಂಗೆ ಹೋಗಲ್ಲ," ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಫೋನಿಟ್ಟ ಮೇಲೆ ನನ್ನ ಗಂಡ, "ನೀನ್ ಹೋಗು. ನಾನ್ ರಜ ಹಾಕಿ ಮನೇಲಿರ್ತೀನಿ," ಎಂದ. ಅವನಿಗೂ ಹೆದರಿಕೆಯಿತ್ತೆಂದು ನನಗೆ ಗೊತ್ತು.

ಸಮಿತಿ ಸೇರುವ ದಿನ ಬೆಳಕು ಹರಿಯುವ ಮೊದಲೇ ಮೇಷ್ಟ್ರು, ಅವರ ಹೆಂಡತಿ, ನಾನು ಹೊರಟೆವು. ಡ್ರೈವ್ ಮಾಡಿದ್ದು ನಾನು. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡಿದ್ದೆ. ಮೇಷ್ಟ್ರು ಕೋಟು ಹಾಕಿ ಟೈ ಕಟ್ಟಿದ್ದರು. ಟೈಯನ್ನು ಅವರ ಹೆಂಡತಿ ಕಟ್ಟಿರಬೇಕು. ದಾರಿಯುದ್ದಕ್ಕೂ ಮೇಷ್ಟ್ರು ತಾವು ಹೇಳಬೇಕಾದ್ದನ್ನು ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಪ್ರತಿಯೊಬ್ಬರಿಗೂ ಸಿಗುವುದು ಎರಡೇ ನಿಮಿಷ.

ಶಾಸನಸಭೆಯ ದೊಡ್ಡ ಗುಮ್ಮಟದ ಕಟ್ಟಡದಲ್ಲಿ ಸಮಿತಿಯ ಕೋಣೆಗಳು ನೆಲದ ಕೆಳಗಿವೆ. ಹೆಸರು ಕೊಟ್ಟು ಕಾರಿಡಾರಿನ ಬೆಂಚಿನಲ್ಲಿ ಕೂತೆವು. ನಮ್ಮ ಪಕ್ಕ ಡಾಲಸ್‌ನಿಂದ ಬಂದ ಒಬ್ಬ ಹೆಂಗಸು ತಮ್ಮನ ಫೋಟೋ ಇದ್ದ ಅಂಗಿ ತೊಟ್ಟು ಕೂತಿದ್ದಳು. ಆ ತಮ್ಮ ಈಗ ಇಲ್ಲ. "ಮೊದಲನೇ ಸಲಾನಾ?" ಎಂದು ನಮ್ಮನ್ನು ಕೇಳಿದಳು. ಹೌದೆಂದೆ. ಅವಳು ಹೋದ ಅಧಿವೇಶನಕ್ಕೂ ಬಂದಿದ್ದಳಂತೆ. ನನ್ನ ಪುಳಿಯೋಗರೆಯನ್ನು ಚೆನ್ನಾಗಿದೆ ಎಂದು ತಿಂದಳು.

ಮಧ್ಯಾಹ್ನ ಕಳೆದ ಮೇಲೆ ಒಳಗೆ ಕರೆದರು. ಎತ್ತರದ ಮೇಜಿನ ಹಿಂದೆ ಅರ್ಧ ಕುರ್ಚಿಗಳು ಖಾಲಿ. ಸದಸ್ಯರು ಎದ್ದು ಹೋಗುತ್ತಿದ್ದರು, ಬರುತ್ತಿದ್ದರು, ಫೋನು ನೋಡುತ್ತಿದ್ದರು. ಪೊಲೀಸರ ಪರವಾಗಿ ಬಂದವರೊಬ್ಬರು ಮೊದಲು ಮಾತಾಡಿದರು. ಸದಸ್ಯರು ಪ್ರಶ್ನೆ ಕೇಳುತ್ತಿರುವಷ್ಟು ಹೊತ್ತು ಎರಡು ನಿಮಿಷದ ಲೆಕ್ಕವಿಲ್ಲ. ಪೊಲೀಸರ ಪರ ಬಂದವರಿಗೆ ಪ್ರಶ್ನೆಗಳು ಬರುತ್ತಲೇ ಇದ್ದವು.

ಆಮೇಲೆ ಮೇಷ್ಟ್ರು. ಎದ್ದು ನಿಂತು ಮಾತಾಡಲು ಹೋದರು, ಕೂತೇ ಹೇಳಿ ಎಂದರು ಸಮಿತಿಯ ಅಧ್ಯಕ್ಷರು. ಅವರು ತಾವು ಯಾರು, ಎಷ್ಟು ಮಕ್ಕಳಿಗೆ ಸಂಗೀತ ಕಲಿಸಿದವರು ಎಂಬಲ್ಲಿಂದ ಶುರು ಮಾಡಿದರು. ಬೇಗ ಬೇಗ, ಮೇಷ್ಟ್ರೇ, ನಮ್ಮ ಬಾಗಿಲಲ್ಲಿ ಆದದ್ದಕ್ಕೆ ಬನ್ನಿ ಎಂದು ಮನಸ್ಸಿನಲ್ಲೇ ದೂಡುತ್ತಿದ್ದೆ. "ನಾನು ನೀರಿನ ಕ್ಯಾನು ಕೆಳಗಿಡೋಣ ಅಂತ..." ಎನ್ನುವಾಗ ಗಂಟೆ ಬಾರಿಸಿತು. ಅಧ್ಯಕ್ಷರು ಬಹಳ ಮರ್ಯಾದೆಯಿಂದ, "ಥ್ಯಾಂಕ್ಯೂ ಸರ್, ಬಂದಿದ್ದಕ್ಕೆ," ಎಂದರು. ಯಾರೂ ಪ್ರಶ್ನೆ ಕೇಳಲಿಲ್ಲ.

ನನ್ನ ಸರದಿ ಬಂತು. ಕ್ಯಾಮೆರಾದಲ್ಲಿದ್ದುದನ್ನು ಅಲ್ಲಿ ತೋರಿಸಲು ಬಿಡಲಿಲ್ಲ, ಬಾಯಲ್ಲೇ ಹೇಳಬೇಕಿತ್ತು. ಮೇಷ್ಟ್ರು ನಿಲ್ಲಿಸಿದಲ್ಲಿಂದಲೇ ಹಿಡಿದು ಪೂರ್ತಿ ಹೇಳಿ ಮುಗಿಸಿದೆ. ಗಂಟೆ ಹೊಡೆಯುವ ಮೊದಲೇ ಮುಗಿಸಿದೆನೆಂದು ಒಂದು ಕ್ಷಣ ಹೆಮ್ಮೆಯಾದದ್ದೂ ನಿಜ.

ಒಬ್ಬ ಸದಸ್ಯರು ಕನ್ನಡಕ ಸರಿಮಾಡಿಕೊಂಡು ನನ್ನತ್ತ ನೋಡಿದರು.

"ಮ್ಯಾಮ್, ಇದೆಲ್ಲ ಆಗುವಾಗ ನೀವು ಎಲ್ಲಿದ್ದಿರಿ?"

"ಮೈಸೂರಿನಲ್ಲಿ. ಇಂಡಿಯಾದಲ್ಲಿ."

"ಅಂದರೆ ನೀವು ಸ್ಥಳದಲ್ಲಿ ಇರಲಿಲ್ಲ."

"ಇರಲಿಲ್ಲ. ಆದರೆ ನೋಡುತ್ತಿದ್ದೆ, ಮಾತೂ ಆಡಿದೆ, ಅವರು ನನ್ನ ದನಿ ಕೇಳಿ ತಿರುಗಿ..."

"ಥ್ಯಾಂಕ್ಯೂ ಮ್ಯಾಮ್. ಅಷ್ಟೇ ಕೇಳಬೇಕಿತ್ತು."

ನಾನು ಎದ್ದು ಬಂದೆ. ಮೇಷ್ಟ್ರು ಎಡಗೈಯಿಂದ ನನ್ನ ಭುಜ ತಟ್ಟಿದರು. ಡಾಲಸ್‌ನ ಹೆಂಗಸು ತನ್ನ ತಮ್ಮನ ಬಗ್ಗೆ ಒಂದೂ ತಡೆಯಿಲ್ಲದೆ ಹೇಳಿದಳು, ಅವಳಿಗೆ ರೂಢಿಯಾಗಿತ್ತು. ಕೊನೆಗೆ ಅಧ್ಯಕ್ಷರು, ಮಸೂದೆಯನ್ನು ಸದ್ಯಕ್ಕೆ ಹಾಗೇ ಬಾಕಿ ಇಡಲಾಗಿದೆ ಎಂದು ಓದಿ ಮುಂದಿನದಕ್ಕೆ ಹೋದರು.

"ಹಾಗಂದರೇನು?" ಎಂದು ಮೇಷ್ಟ್ರ ಹೆಂಡತಿ ಹೊರಗೆ ಅಲ್ಲಿನ ಸಿಬ್ಬಂದಿಯ ಹುಡುಗಿಯೊಬ್ಬಳನ್ನು ಕೇಳಿದರು.

"ಮತ ಹಾಕೋದು ಆಮೇಲೆ, ಮ್ಯಾಮ್. ಅಧ್ಯಕ್ಷರು ಯಾವಾಗ ಬೇಕಾದ್ರೂ ತಗೋಬಹುದು."

"ತಗೋತಾರಾ?"

ಅವಳು ನಿಜಕ್ಕೂ ಒಳ್ಳೆಯ ಹುಡುಗಿ. "ನಂಗೊತ್ತಿಲ್ಲ," ಎಂದಳು.

ಹ್ಯೂಸ್ಟನ್ ಹಾದಿಯಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ ಮೇಷ್ಟ್ರು, "ಮಕ್ಕಳ ವಿಷಯ ಹೇಳಬಾರದಿತ್ತು ನಾನು. ಅಲ್ಲೇ ಟೈಮ್ ಹೋಯ್ತು," ಎಂದರು. ಅವರ ಹೆಂಡತಿಗೆ ಥಟ್ಟನೆ ಸಿಟ್ಟು ಬಂತು. "ನೀನು ಯಾರು ಅಂತ ಹೇಳದೆ ಇನ್ನೇನು ಹೇಳಬೇಕಿತ್ತು? ಅದನ್ನೂ ಬಿಟ್ಟುಬಿಡಬೇಕಾ?" ಎಂದು ಗಟ್ಟಿಯಾಗಿ ಕೇಳಿ, ಮುಖ ಕಿಟಕಿಗೆ ತಿರುಗಿಸಿಕೊಂಡರು.

ಆ ವಸಂತವೆಲ್ಲ ನಾನು ಆಫೀಸಿನಲ್ಲಿ ಕೂತು ಶಾಸನಸಭೆಯ ವೆಬ್‌ಸೈಟು ತೆರೆದು ತೆರೆದು ನೋಡುತ್ತಿದ್ದೆ. ಆ ಮಸೂದೆಯ ಮುಂದೆ ಬಾಕಿ ಎಂದೇ ಇರುತ್ತಿತ್ತು. ನಮ್ಮ ಕ್ಷೇತ್ರದ ಸದಸ್ಯರ ಕಚೇರಿಗೆ ಫೋನ್ ಮಾಡಿದರೆ, ನೀವು ಇಲ್ಲಿನ ಮತದಾರರೇ ಎಂದು ಕೇಳುತ್ತಿದ್ದರು. ಅಲ್ಲ ಎನ್ನುತ್ತಿದ್ದೆ. ಆದರೂ ಬರೆದುಕೊಳ್ಳುತ್ತೇವೆ ಎನ್ನುತ್ತಿದ್ದರು. ಬೇಸಿಗೆ ಬರುವಷ್ಟರಲ್ಲಿ ಅಧಿವೇಶನ ಮುಗಿಯಿತು. ಮಸೂದೆಗೆ ಯಾರೂ ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಸಭೆ ಮುಗಿದದ್ದರಿಂದ ಅದೂ ಮುಗಿಯಿತು. ಬೇಲಿಯ ಹತ್ತಿರ ಹೋಗಿ ಇದನ್ನು ಹೇಳಿದಾಗ ಮೇಷ್ಟ್ರ ಹೆಂಡತಿ, "ಗೊತ್ತಿತ್ತು ಬಿಡು," ಎಂದರು. ನನಗೆ ಗೊತ್ತಿರಲಿಲ್ಲ.

ಆ ವರ್ಷದ ಕೊನೆಗೆ ಅವರು ಮನೆ ಮಾರಿ ಡಾಲಸ್‌ನಲ್ಲಿರುವ ಮಗಳ ಹತ್ತಿರಕ್ಕೆ ಹೋದರು. ಪೊಲೀಸ್ ಗಾಡಿ ಬೀದಿಯಲ್ಲಿ ನಿಧಾನಕ್ಕೆ ಹೋದರೂ ಸಾಕು, ಮೇಷ್ಟ್ರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಂಥ ಜಾಗದಲ್ಲಿ ಇರಿ ಎಂದು ನಾನಾದರೂ ಯಾವ ಬಾಯಲ್ಲಿ ಹೇಳಲಿ?

ಕಳೆದ ತಿಂಗಳು ಭಾವನ ಮನೆಗೆ ಹೋದಾಗ ಮೇಷ್ಟ್ರನ್ನು ನೋಡಿ ಬಂದೆ. ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಮೊಮ್ಮಕ್ಕಳ ಗಲಾಟೆಯ ನಡುವೆ ಟಿವಿ ಹಾಕಿಕೊಂಡು ಕೂತಿದ್ದರು. ನನ್ನ ಮಗಳ ಓದು, ನನ್ನ ಗಂಡನ ಮಂಡಿನೋವು, ಹ್ಯೂಸ್ಟನ್ನಿನ ಸೆಕೆ ಎಲ್ಲವನ್ನೂ ವಿಚಾರಿಸಿದರು. ಹೊರಡುವಾಗ ಬಾಗಿಲವರೆಗೂ ಬಂದು, "ಮತ್ತೆ ಸಭೆ ಸೇರಿದಾಗ ನಮ್ಮನ್ನ ಕರೀತಾರಾ?" ಎಂದು ಕೇಳಿದರು.

"ಕರೀಬಹುದು, ಮೇಷ್ಟ್ರೇ."

"ಕರೆದ್ರೆ ಈ ಸಲ ಬೇಗ ಹೇಳಿ ಮುಗಿಸ್ತೀನಿ," ಎಂದರು.

ನಾನು ಆಯ್ತು ಎಂದೆ. ಅವರ ಹೆಂಡತಿ ಒಳಗಿನಿಂದ, ಗಾಳಿ ಬರುತ್ತಿದೆ, ಬಾಗಿಲು ಹಾಕು ಎಂದು ಕರೆದರು.