ವರ್ಷಗಟ್ಟಲೆ ಬಾಳುವ ಎಣ್ಣೆ

ಹೋದ ತಿಂಗಳು ಪುಣೆಯ ವಾಕಡದ ನಮ್ಮ ಮನೆಯ ಹತ್ತಿರದ ಕಾರ್ ಸರ್ವಿಸ್ ಸೆಂಟರಿನಲ್ಲಿ ಒಬ್ಬ ತರುಣ ನನ್ನೆದುರು ಎರಡು ಪುಟ್ಟ ಗಾಜಿನ ಬಾಟಲಿಗಳನ್ನು ತಂದಿಟ್ಟ. ಒಂದರಲ್ಲಿ ಕಷಾಯದ ಬಣ್ಣದ ಎಣ್ಣೆ, ಇನ್ನೊಂದರಲ್ಲಿ ಜೇನಿನ ಬಣ್ಣದ್ದು. ಕಷಾಯದ್ದು ಸಾದಾ ಎಂಜಿನ್ ಆಯಿಲ್ ಅಂತೆ, ಜೇನಿನದು ಫುಲ್ ಸಿಂಥೆಟಿಕ್ ಅಂತೆ. ಎರಡನೆಯದನ್ನು ಹಾಕಿಸಿದರೆ ಮೇಲಿಂದ ಮೇಲೆ ಬದಲಿಸುವ ರಗಳೆಯಿಲ್ಲ, ವರ್ಷಕ್ಕೊಮ್ಮೆ ಬಂದರೆ ಸಾಕು ಎಂದು ಅವನು ಮರಾಠಿಯಲ್ಲಿ ವಿವರಿಸಿದ. ನಾನು ಮಾಡಿದ್ದೇನು ಗೊತ್ತೆ? ಜೇನಿನ ಬಣ್ಣದ ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡಿದೆ. ಮೂಸಿದರೆ ನನಗೆ ತಿಳಿಯುವುದು ಏನೂ ಇಲ್ಲ. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಥೇಟ್ ಸುಮತಿ ಅತ್ತೆಯ ಹಾಗೆ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದೇನೆಂದು ಅರಿವಾಯಿತು. ವಿಚಾರ ಮಾಡಿ ಹೇಳುತ್ತೇನೆ ಎಂದು ಎದ್ದು ಬಂದೆ.

ಸುಮತಿ ಅತ್ತೆ ನನ್ನ ತಂದೆಯ ಅಕ್ಕ. ಧಾರವಾಡದಲ್ಲಿ ಹುಟ್ಟಿ, ಮದುವೆಯಾಗಿ ಪುಣೆಗೆ ಬಂದು, ಇಲ್ಲಿಯ ಮರಾಠಿ ಶಾಲೆಯೊಂದರಲ್ಲಿ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತರಾದವರು. ಮಗರಪಟ್ಟಾದಲ್ಲಿ ನನಗೆ ಮೊದಲ ನೌಕರಿ ಸಿಕ್ಕಾಗ, ಹತ್ತಿರದಲ್ಲೇ ಇದ್ದ ಅವರ ಮನೆಯಲ್ಲಿ ನಾನು ಎರಡು ವರ್ಷ ಇದ್ದೆ. ಅತ್ತೆಗೆ ಜಗತ್ತಿನ ಮೇಲೆ ಒಂದು ಸಾರ್ವತ್ರಿಕ ಸಂಶಯವಿತ್ತು. ಹಿಟ್ಟಿನ ಗಿರಣಿಯಲ್ಲಿ ಗೋಧಿ ಕೊಟ್ಟು ಬರುವವರಲ್ಲ. ಹಿಂದಿನವರ ಜೋಳದ ಹಿಟ್ಟು ನಮ್ಮದರಲ್ಲಿ ಸೇರೀತೆಂದು ಅಲ್ಲೇ ನಿಂತು, ಮೈಯೆಲ್ಲ ಬೆಳ್ಳಗಾಗಿಸಿಕೊಂಡು ಮನೆಗೆ ಬರುತ್ತಿದ್ದರು. ಹಾಲನ್ನು ಬೆರಳಿಂದ ಉಗುರಿನ ಮೇಲೆ ಬಿಟ್ಟು ನೋಡುತ್ತಿದ್ದರು. ನಾನು ಆಫೀಸಿನಿಂದ ತಡವಾಗಿ ಬಂದರೆ ಏನೂ ಕೇಳುತ್ತಿರಲಿಲ್ಲ, ನನ್ನ ಚಪ್ಪಲಿಯನ್ನೊಮ್ಮೆ ನೋಡುತ್ತಿದ್ದರು. ಚಪ್ಪಲಿಯಲ್ಲಿ ಅವರಿಗೆ ಏನು ಕಾಣುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಹಾಗೆಂದು ಅವರಲ್ಲಿ ಕಹಿ ಇರಲಿಲ್ಲ. ತಾವು ಸಂಶಯಪಟ್ಟ ಹಾಲಿನವನಿಗೇ ಚಹಾ ಮಾಡಿಕೊಟ್ಟು, ಅವನ ಮಗಳ ಪರೀಕ್ಷೆಯ ಬಗ್ಗೆ ವಿಚಾರಿಸುತ್ತಿದ್ದರು.

ಅವರ ಯಜಮಾನರು, ನನ್ನ ಮಾಮಾ, ತದ್ವಿರುದ್ಧ. ಬ್ಯಾಂಕಿನಲ್ಲಿ ಜೀವನವಿಡೀ ಕೆಲಸ ಮಾಡಿಯೂ ಯಾರನ್ನಾದರೂ ನಂಬಬಲ್ಲ ಮನುಷ್ಯ. ನಿವೃತ್ತಿಯಾದ ಮೇಲೆ ಊರೂರು ತಿರುಗುವ ಆಸೆ ಅವರಿಗೆ, ಗ್ಯಾರೇಜಿನಲ್ಲಿ ಕೂಡುವ ಬೇಸರವೂ ಅಷ್ಟೇ. ಹಾಗಾಗಿ ಒಂದು ದಿನ ಊಟದ ಹೊತ್ತಿನಲ್ಲಿ, ಈ ಸಲ ಗಾಡಿಗೆ ಸಿಂಥೆಟಿಕ್ ಎಣ್ಣೆ ಹಾಕಿಸುತ್ತೇನೆ, ವರ್ಷದವರೆಗೂ ಆ ಕಡೆ ಹಾಯುವ ಕಾರಣವಿಲ್ಲ ಎಂದು ಸಾರಿದರು.

ಅತ್ತೆ ಚಪಾತಿ ಮಗುಚುವುದನ್ನು ನಿಲ್ಲಿಸಿದರು. "ಎರಡು ಸಲ ಭಜಿ ಕರದ ಎಣ್ಣಿ ನಾ ಚೆಲ್ಲತೀನಿ. ಇದು ಎಂಜಿನ್ನಿನ ಬೆಂಕ್ಯಾಗ ವರ್ಷಾನಗಟ್ಟಲೆ ಕುದ್ದೂ ಹೆಂಗ ಛೊಲೋ ಇರ್ತದ?"

"ಅದು ಕಾರ್ಖಾನ್ಯಾಗ ಬ್ಯಾರೆ ರೀತಿ ಮಾಡಿದ್ದು ಸುಮತಿ. ಲಗೂನ ಕೆಡೂದಿಲ್ಲ."

"ಯಾರು ಹೇಳಿದ್ರು?"

"ಮಾರೂ ಮಂದೀನ ಹೇಳ್ಯಾರ."

"ಅದಕ್ಕ ಕೇಳಿದೆ."

ಮಾಮಾ ನಕ್ಕರು. "ನಂಬಬೇಕು. ಇಲ್ಲಂದ್ರ ಬದುಕೂದು ಹೆಂಗ?"

"ನೀವು ನಂಬ್ರಿ. ನಾ ನೋಡ್ತೀನಿ" ಅಂದರು ಅತ್ತೆ.

ನೋಡಿದರು ಕೂಡ. ನಮ್ಮ ಗಾಡಿಯ ಮೆಕ್ಯಾನಿಕ್ ದತ್ತಾ ಎಂಬವನು. ಅತ್ತೆಯನ್ನು ಕಾಕೂ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ. ಎಣ್ಣೆ ಬದಲಿಸುವ ದಿನ ಅತ್ತೆ ಅವನ ಗ್ಯಾರೇಜಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ಆದರೆ ನಡುವೆ ಫೋನು ಬಂತು, ಗದ್ದಲದಲ್ಲಿ ಕೇಳಿಸದೆ ರಸ್ತೆಗೆ ಹೋದರು. ತಿರುಗಿ ಬರುವಷ್ಟರಲ್ಲಿ ದತ್ತಾ ಡಬ್ಬಿಯ ಸೀಲು ಒಡೆದು ಅರ್ಧ ಎಣ್ಣೆ ಸುರಿದಾಗಿತ್ತು. ಅಷ್ಟೇ ಸಾಕಾಯಿತು. ಅಂದಿನಿಂದ ಪ್ರತಿ ರವಿವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಅತ್ತೆ ಬಾನೆಟ್ ಎತ್ತಿ ಎಣ್ಣೆ ಅಳೆಯುವ ಕಡ್ಡಿ ಎಳೆದು, ಹಳೆಯ ಸೀರೆಯ ತುಂಡಿಗೆ ಒರೆಸಿ, ಮತ್ತೆ ಅದ್ದಿ ತೆಗೆದು ಬೆಳಕಿಗೆ ಹಿಡಿಯತೊಡಗಿದರು. ಎಣ್ಣೆ ಕೆಲವೇ ವಾರಗಳಲ್ಲಿ ಕಪ್ಪಾಯಿತು. ಮಟ್ಟವೂ ಒಂಚೂರು ಇಳಿದಂತಿತ್ತು.

ಎಂಜಿನ್ನಿನ ಹೊಲಸನ್ನು ತೊಳೆಯುವ ಎಣ್ಣೆ ಕಪ್ಪಾಗುವುದು ಸಹಜ ಎಂದು ಈಗ ನನಗೆ ಗೊತ್ತು. ಆಗ ನಮಗಾರಿಗೂ ಗೊತ್ತಿರಲಿಲ್ಲ. ಅತ್ತೆ ನೆಟ್ಟಗೆ ಗ್ಯಾರೇಜಿಗೆ ಹೋಗಿ ನಾಲ್ಕು ಗಿರಾಕಿಗಳೆದುರು ಕೇಳಿದರು, "ದತ್ತಾ, ಡಬ್ಬಿ ಸಿಂಥೆಟಿಕ್‌ದು ಖರೇ. ಒಳಗ ಇದ್ದದ್ದು ಏನು?" ಕೇಳಿದ್ದು ಮರಾಠಿಯಲ್ಲಿ, ನಾನು ನಿಮಗಾಗಿ ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ. ದತ್ತಾ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಅವನ ಮುಖ ಸಣ್ಣದಾಯಿತು. "ಕಾಕೂ, ಇಷ್ಟು ವರ್ಷದಲ್ಲಿ ಇವತ್ತು ಈ ಮಾತು ಕೇಳಿದಿರಿ. ಇನ್ನು ಬೇರೆ ಕಡೆ ಹೋಗಿ" ಎಂದಷ್ಟೇ ಹೇಳಿ ಒಳಗೆ ಹೋದ. ಮಾಮಾ ಆ ದಿನ ಊಟ ಮಾಡಲಿಲ್ಲ. ಆಮೇಲೆಯೂ ಅವರಿಬ್ಬರ ನಡುವಿನ ಮಾತುಗಳು ನನ್ನ ಮೂಲಕ ಹೋಗತೊಡಗಿದವು. "ಚಹಾ ಆಗ್ಯದಂತ ಹೇಳು." "ಬ್ಯಾಡಂತ ಹೇಳು." ಸಂಶಯ ಮನೆಯೊಳಗೆ ಬಂದರೆ ಹೇಗಿರುತ್ತದೆಂದು ನಾನು ಆಗ ಮೊದಲ ಸಲ ಕಂಡೆ. ನನಗೂ ಅತ್ತೆಯ ಮೇಲೆ ಸಿಟ್ಟು ಬಂದಿತ್ತು. ಹೇಳಲು ಧೈರ್ಯವಿರಲಿಲ್ಲ, ಅಷ್ಟೇ.

ಆ ಮೌನದಲ್ಲೇ ನಾವು ಇಂದಾಪುರಕ್ಕೆ ಹೊರಟೆವು. ಮಾಮಾನ ಗೆಳೆಯರೊಬ್ಬರ ಹೊಸ ಮನೆಯ ವಾಸ್ತುಶಾಂತಿ ಇತ್ತು. ಸೋಲಾಪುರ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕುತ್ತ ಮಾಮಾ ಜೋರಾಗಿಯೇ ಓಡಿಸಿದರು. ಸಿಟ್ಟಿರುವಾಗ ಅವರು ಜೋರಾಗಿ ಓಡಿಸುತ್ತಿದ್ದರು. ಇಂದಾಪುರ ಇನ್ನೂ ಸ್ವಲ್ಪ ದೂರವಿರುವಾಗ ಚಹಾಕ್ಕೆಂದು ಒಂದು ಹೋಟೆಲಿನ ಸಿಮೆಂಟ್ ಅಂಗಳದಲ್ಲಿ ನಿಂತೆವು. ಚಹಾ ಕುಡಿದು ಬಂದಾಗ ಅತ್ತೆ ಗಾಡಿ ಹತ್ತಲಿಲ್ಲ. ಬಗ್ಗಿ ನೆಲ ನೋಡುತ್ತಿದ್ದರು. ಎಂಜಿನ್ನಿನ ಕೆಳಗೆ ಅಂಗೈಯಗಲದ ಕಪ್ಪು ಕಲೆ.

"ಹಿಂದ ನಿಂತ ಯಾವುದೋ ಲಾರೀದ ಇರಬೇಕು" ಅಂದರು ಮಾಮಾ, ನನ್ನ ಕಡೆ ನೋಡುತ್ತ.

"ಗಾಡಿ ಸ್ವಲ್ಪ ಮುಂದ ತಗೋರಿ ಅಂತ ಹೇಳು."

ಮಾಮಾ ಉಸಿರು ಬಿಟ್ಟು ಗಾಡಿಯನ್ನು ಮುಂದೆ ತಂದು ನಿಲ್ಲಿಸಿದರು. ಮೂವರೂ ಬಗ್ಗಿ ನಿಂತೆವು. ಒಣ ಸಿಮೆಂಟಿನ ಮೇಲೆ ಒಂದು ಹನಿ ಬಿತ್ತು. ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು. ಅತ್ತೆ ಬಾನೆಟ್ ಎತ್ತಿಸಿ ಕಡ್ಡಿ ಎಳೆದರು. ಎಣ್ಣೆ ತುದಿಗಷ್ಟೇ ಹತ್ತಿತ್ತು. ಹೀಗೇ ಇಂದಾಪುರ ಮುಟ್ಟಿ ತಿರುಗಿ ಹೊರಟಿದ್ದರೆ ಎಂಜಿನ್ ಜಾಮ್ ಆಗಿ, ಆ ವೇಗದಲ್ಲಿ, ಹಿಂದೆ ಲಾರಿಗಳಿರುವಾಗ ಏನಾಗುತ್ತಿತ್ತೋ. ಮಾಮಾ ಆಟೋ ಹಿಡಿದು ಹೋಗಿ ಎಣ್ಣೆ ತಂದರು. ಡಬ್ಬಿಯನ್ನು ನನ್ನ ಕೈಗೆ ಕೊಡಲಿಲ್ಲ, ಅತ್ತೆಯ ಕೈಗೇ ಕೊಟ್ಟರು. "ಸೀಲ್ ನೋಡು" ಅಂದರು.

ಎಣ್ಣೆ ತುಂಬಿಸಿ, ದಾರಿಯಲ್ಲಿ ಅಲ್ಲಲ್ಲಿ ನಿಂತು ಮಟ್ಟ ನೋಡುತ್ತ ಮನೆ ಮುಟ್ಟಿದೆವು. ಮರುದಿನ ಗಾಡಿಯನ್ನು ಎಲ್ಲಿಗೆ ಒಯ್ಯುವುದೆಂಬ ಪ್ರಶ್ನೆ ಬಂದಾಗ ಅತ್ತೆ, "ದತ್ತಾನ ಕಡೇನ ಹೋಗೂಣು" ಎಂದರು. ದತ್ತಾ ಸ್ಪ್ಯಾನರ್ ಎತ್ತಿಕೊಂಡು ಗಾಡಿಯ ಕೆಳಗೆ ತೂರಿದ. ಹಳೆಯ ಎಣ್ಣೆ ಇಳಿಸಲು ಬಿಚ್ಚುವ ಬೋಲ್ಟಿಗೆ ಒಂದು ತೆಳ್ಳನೆಯ ವಾಷರ್ ಇರುತ್ತದೆ, ಉಂಗುರದಂಥದು. ಎಣ್ಣೆ ಬದಲಿಸುವಾಗ ಅದನ್ನೂ ಹೊಸದು ಹಾಕಬೇಕಿತ್ತು, ಸವೆದ ಹಳೆಯದನ್ನೇ ಹಾಕಿದ್ದ. ಮೊದಮೊದಲು ಜಿನುಗುತ್ತಿದ್ದ ಎಣ್ಣೆ ಹೆದ್ದಾರಿಯ ಓಟದಲ್ಲಿ ಅಲ್ಲಿಂದ ಸೋರತೊಡಗಿತ್ತು. ಅವನು ಹೊರಗೆ ಬಂದು, ಎಂಜಿನ್ ತೊಳೆಯುವ ಎಣ್ಣೆ ಕಪ್ಪಾಗುವುದು ಸಹಜ, ಮಟ್ಟ ಇಳಿದದ್ದು ಮಾತ್ರ ಇದರಿಂದ ಎಂದು ಅದನ್ನು ಅಂಗೈಯಲ್ಲಿ ಹಿಡಿದು ನಿಂತ.

ಅತ್ತೆ ಅದನ್ನು ನೋಡಿದರು, ಅವನನ್ನು ನೋಡಿದರು. "ಎಣ್ಣಿ ಖರೇದ ಇತ್ತು. ನಾ ಅಂದದ್ದು ತಪ್ಪು, ಎಲ್ಲಾರ ಮುಂದ ಅಂದದ್ದು ಇನ್ನೂ ತಪ್ಪು. ವಾಷರ್ ಮಾತ್ರ ನಿಂದು."

"ವಾಷರ್ ನಂದೇ ಕಾಕೂ" ಎಂದ ದತ್ತಾ. ಸ್ಟೂಲನ್ನು ಒರೆಸಿ ಮುಂದಿಟ್ಟ.

ಅತ್ತೆ ಬದಲಾದರೇ ಎಂದು ನೀವು ಕೇಳಬಹುದು. ಇಲ್ಲ. ಸಿಂಥೆಟಿಕ್ ಎಣ್ಣೆಯನ್ನು ಒಪ್ಪಿಕೊಂಡರು, ಬದಲಿಸುವುದನ್ನು ವರ್ಷಕ್ಕೆ ಮುಂದೂಡುವುದನ್ನೂ ಒಪ್ಪಿದರು. ರವಿವಾರದ ತಪಾಸಣೆ ಮಾತ್ರ ನಿಲ್ಲಲಿಲ್ಲ. ಆಮೇಲೆ ಬಾನೆಟ್ಟನ್ನು ಎತ್ತಿ ಹಿಡಿಯಲು ಮಾಮಾ ಕೂಡ ಕೆಳಗಿಳಿಯುತ್ತಿದ್ದರು. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ: ಎರಡು ಬೆಳ್ಳಗಿನ ತಲೆಗಳು ಎಂಜಿನ್ನಿನ ಮೇಲೆ ಬಾಗಿ, ಮೆಲ್ಲಗೆ ಏನೋ ವಾದಿಸುತ್ತ.

ಇಷ್ಟೆಲ್ಲ ನೆನಪಾದ ಮೇಲೆ ಅತ್ತೆಗೆ ಫೋನು ಮಾಡಿದೆ. ಅವರು ಗಾಡಿ ಮಾರಿದ್ದಾರೆ. ಈಗ ರಿಕ್ಷಾದ ಮೀಟರಿನ ಮೇಲೆ ಸಂಶಯ. ನಾನು ವಿಷಯ ಹೇಳಿದೆ. ನನ್ನ ಗಂಡ ಮೈಸೂರಿನವನು, ಹಿಂದೆ ನಿಂತು, "ಸುಮ್ನೆ ಸಿಂಥೆಟಿಕ್ ಹಾಕ್ಸ್‌ಬಿಡೇ, ಒಂದ್ ವರ್ಷ ಆ ಕಡೆ ತಲೇನೇ ಹಾಕ್ಬೇಕಾಗಿಲ್ಲ" ಎನ್ನುತ್ತಿದ್ದ. ಅದು ಅತ್ತೆಗೆ ಕೇಳಿಸಿತು.

"ಎಣ್ಣಿ ಛೊಲೋನ ಅದ, ಹಾಕಸು" ಅಂದರು. "ಗಾಡೀ ಪುಸ್ತಕದಾಗ ಯಾವ ನಮೂನೀದು ಹೇಳ್ಯಾರೋ ಅದನ್ನ ಹಾಕಸು, ಎಷ್ಟು ದಿನಕ್ಕ ಬದಲಸಬೇಕಂತ ಹೇಳ್ಯಾರೋ ಅದಕ್ಕಿಂತ ಮುಂದ ಹಾಕಬ್ಯಾಡ. ನನಗ ಸಂಶಯ ಎಣ್ಣೀ ಮ್ಯಾಲೆ ಅಲ್ಲ."

"ಮತ್ತ ಯಾರ ಮ್ಯಾಲೆ?"

"ನಿಮ್ಮಿಬ್ಬರ ಮ್ಯಾಲೆ. ವರ್ಷತನಾ ನೋಡೂದು ಬ್ಯಾಡಂತ ಯಾರರ ಹೇಳಿದ್ರ, ನೀವು ಖರೇನ ನೋಡೂದಿಲ್ಲ."

ಹಾಕಿಸಿದೆ. ಮೊದಲ ರವಿವಾರ ಬೆಳಿಗ್ಗೆ ನಮ್ಮ ಕಟ್ಟಡದ ಪಾರ್ಕಿಂಗಿಗೆ ಇಳಿದು, ಪುಸ್ತಕ ನೋಡಿಕೊಂಡು ಬಾನೆಟ್ ತೆಗೆಯುವುದನ್ನು ಕಲಿತೆ. ಇಷ್ಟು ವರ್ಷ ಗಾಡಿ ಓಡಿಸಿದ್ದೇನೆ, ಅದರ ಹೊಟ್ಟೆಯನ್ನು ನಾನಾಗಿ ತೆರೆದು ನೋಡಿದ್ದು ಅದೇ ಮೊದಲು. ಎಣ್ಣೆ ಮಟ್ಟಸವಾಗಿತ್ತು. ಒರೆಸಿ, ಮತ್ತೊಮ್ಮೆ ಅದ್ದಿ ನೋಡುತ್ತಿರುವಾಗ ಹೊಸದಾಗಿ ಸೇರಿದ ವಾಚ್‌ಮನ್ ಬಂದು ನಿಂತರು. ಗಾಡಿ ಯಾರದು, ಕೆಟ್ಟಿದೆಯೇ ಎಂದು ಮರಾಠಿಯಲ್ಲಿ ಕೇಳಿದರು.

"ನನ್ನದೇ. ಕೆಟ್ಟಿಲ್ಲ, ಸುಮ್ಮನೆ ನೋಡುತ್ತಿದ್ದೇನೆ" ಎಂದೆ.

ಅವರಿಗೆ ಸಮಾಧಾನವಾಗಲಿಲ್ಲ. ಯಾವ ಫ್ಲ್ಯಾಟು ಎಂದರು. ಹೇಳಿದೆ. ಕೀಲಿ ತೋರಿಸಿ ಎಂದರು. ಜೇಬಿನಿಂದ ತೆಗೆದು ಒತ್ತಿದೆ, ದೀಪ ಮಿಣುಕಿತು. ಆದರೂ ಅವರು ಹೋಗಲಿಲ್ಲ. ನಾನು ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು, ಲಿಫ್ಟಿನೊಳಗೆ ಹೋಗಿ ಬಾಗಿಲು ಮುಚ್ಚುವವರೆಗೂ ಕಣ್ಣು ಕಿರಿದಾಗಿಸಿಕೊಂಡು ನನ್ನನ್ನೇ ನೋಡುತ್ತಿದ್ದರು. ನಮ್ಮ ಕಟ್ಟಡಕ್ಕೆ ಒಳ್ಳೆಯ ಮನುಷ್ಯ ಸಿಕ್ಕಿದ್ದಾರೆ ಅನ್ನಿಸಿತು.