ಒಲೆಗೆ ಬಿದ್ದ ನಿಘಂಟು

ಮಾಗಾಂಗ್ ಊರಿನ ಕೆತ್ತನೆಗಾತಿ ಅಫುಂಗ್ ತನ್ನ ಹರೆಯವನ್ನೆಲ್ಲ ಸುರಿದು ಮರಸೇಬಿನ ಮರದ ಹಲಗೆಗಳ ಮೇಲೆ ಅಚ್ಚಿಗಾಗಿ ಒಂದು ದೊಡ್ಡ ನಿಘಂಟನ್ನು ಕೆತ್ತಿದ್ದಳು. ಕಣ್ಣು ಮಂಜಾದದ್ದೂ ಅದರಿಂದಲೇ. ಅವಳು ಮುದುಕಿಯಾಗುವ ಹೊತ್ತಿಗೆ ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದ. ಗೌರವಕ್ಕಾಗಿ ಅವನ ಹೆಸರಿನ ಅಕ್ಷರವನ್ನು ಯಾರೂ ಪೂರ್ತಿ ಬರೆಯುವಂತಿರಲಿಲ್ಲ; ಒಂದು ಗೀಟು ಕಡಿಮೆ ಮಾಡಿಯೇ ಅಚ್ಚು ಹಾಕಬೇಕಿತ್ತು. ನಿಘಂಟು ಕೆತ್ತಿಸಿದ್ದ ಪುಸ್ತಕದಂಗಡಿಯವನು ಅದನ್ನು ಪೂರ್ತಿಯಾಗಿಯೇ ಅಚ್ಚೊತ್ತಿದ. ಆ ತಪ್ಪಿಗೆ ಹಲಗೆಗಳೆಲ್ಲ ಸರಕಾರಿ ಕಚೇರಿಗೆ ಜಪ್ತಿಯಾದವು.

"ಒಂದಾದ್ರೂ ಕೊಡ್ರಪ್ಪ" ಎಂದು ಹೋದವಳನ್ನು ಕಚೇರಿಯ ಅಡುಗೆಮನೆಗೆ ಅಟ್ಟಿದರು. ಅಲ್ಲಿ ಒಲೆಯೊಳಗೆ ಅವಳ ಅಕ್ಷರಗಳು ಉರಿಯುತ್ತಿದ್ದವು. ಮೇಲೆ ಬಾತುಕೋಳಿಯ ಕೊಬ್ಬು ತೊಟ್ಟಿಕ್ಕುತ್ತಿತ್ತು.

"ಬಾ ಅಜ್ಜೀ, ನಿನ್ ಸೌದೆ ಭಾರೀ ರುಚಿ ಕೊಡ್ತದೆ! ತಿನ್ನು" ಎಂದು ಬಾಣಸಿಗ ಜಿಡ್ಡುಗೈಯಲ್ಲಿ ತುಂಡೊಂದನ್ನು ಅವಳ ಮೂಗಿಗೇ ಹಿಡಿದ.

ಅಫುಂಗ್ ಅವನ ಕೈಯನ್ನು ತಳ್ಳಿದಳು. "ಥೂ! ನಿಮ್ ಸಾಹೇಬ್ರಿಗೇ ತಿನ್ಸೋ. ನನ್ ಕಣ್ಣು ಬೆಂದಿದೆ ಅದ್ರಲ್ಲಿ."

ಸಾಯುವವರೆಗೂ ಅವಳು ಬಾತುಕೋಳಿ ಮುಟ್ಟಲಿಲ್ಲ. ಹಬ್ಬದಂದು ಪಕ್ಕದ ಮನೆಯಲ್ಲಿ ಸುಟ್ಟರೂ ಮೂಗಿಗೆ ಅಂಗಿಯ ತೋಳು ಹಿಡಿಯುತ್ತಿದ್ದಳು.