ಯಾರ ಕಡೆಯೂ ಅಲ್ಲದ ಮಾವ

ಆಳಂದ ಬಸ್‌ಸ್ಟ್ಯಾಂಡಿನ ಹೊರಗೆ ಕಬ್ಬಿನ ಹಾಲಿನ ಗಾಡಿ ನಿಂತಿರುತ್ತದೆ. ಡಾಕ್ಟರು ಬೇಡವೆಂದ ಮೇಲೆ ನಾನು ಅದನ್ನು ಕುಡಿಯುವುದಿಲ್ಲ. ವಾಸನೆಯ ಬಗ್ಗೆ ಅವರೇನೂ ಹೇಳಿಲ್ಲವಲ್ಲ ಎಂದು ತುಸು ಹೊತ್ತು ನಿಲ್ಲುತ್ತೇನೆ. ಮೊನ್ನೆ ಹಾಗೆ ನಿಂತಾಗ ಕರಜಗಿಯ ನನ್ನ ಸೋದರಮಾವ ನೆನಪಾದ.

ಮಾವ ಊರ ಗೌಡ, ನ್ಯಾಯ ಹೇಳುವವನು. ಮನೆಯೆದುರಿನ ಕಟ್ಟೆಯ ಮೇಲೆ ಕೂತು ಎರಡೂ ಕಡೆಯವರ ಮಾತಿಗೆ ಒಂದೇ ಸಮನೆ ತಲೆದೂಗುತ್ತಿದ್ದ. ಇಬ್ಬರೂ ತಾವೇ ಗೆದ್ದೆವೆಂದು ಮನೆಗೆ ಹೋಗಿ, ಮರುದಿನ ಮತ್ತೆ ಜಗಳಾಡುತ್ತಿದ್ದರು. ನನಗೆ ಅವನಂಥ ನ್ಯಾಯವಂತ ಇನ್ನೊಬ್ಬನಿಲ್ಲ ಅನಿಸುತ್ತಿತ್ತು. ಯಾರನ್ನೂ ಎದುರು ಹಾಕಿಕೊಳ್ಳದಿರುವುದು ನನಗೂ ಹಿಡಿಸಿದ ಧರ್ಮ ನೋಡಿ.

ಒಂದು ದಿನ ಕಟ್ಟೆಗೆ ರಮಾಬಾಯಿ ಬಂದಳು. ಬೌದ್ಧರಾದ ದಲಿತರ ಮನೆಯವಳು, ಗಂಡ ಹೋದ ಮೇಲೆ ಹೊಲದಲ್ಲೇ ಮನೆ ಮಾಡಿಕೊಂಡು ಒಕ್ಕಲುತನ ನೋಡುತ್ತಿದ್ದಳು. ಆ ವರ್ಷ ಮೊದಲ ಸಲ ಕಬ್ಬು ಹಚ್ಚಿದ್ದಳು. ಅದು ಕಟಾವಿಗೆ ಬಂದ ಹೊತ್ತಿಗೆ, ತನ್ನ ಹೊಲದೊಳಗಿಂದ ಹಾದುಹೋಗುವ, ಅಜ್ಜರ ಕಾಲದಿಂದ ಎಲ್ಲರೂ ತುಳಿದ ದಾರಿಗೆ ಮಲ್ಲಣ್ಣ ಮುಳ್ಳು ಹಚ್ಚಿಬಿಟ್ಟ. ಮಲ್ಲಣ್ಣ ಅಂದರೆ ನಮ್ಮ ಅತ್ತೆಯ ತಮ್ಮ, ಪಕ್ಕದೂರಿನವ. ರಮಾಬಾಯಿಯ ಹೊಲದ ಮೇಲೆ ಅವನಿಗೆ ಬಹಳ ದಿನದ ಕಣ್ಣು. ಸಾಗಿಸಲು ದಾರಿಯಿಲ್ಲದೆ ಕಬ್ಬು ನಿಂತಲ್ಲೇ ಒಣಗತೊಡಗಿತ್ತು.

ಮಾವ ಎಲ್ಲ ಕೇಳಿಸಿಕೊಂಡು ಅಂದ, "ನೋಡು ರಮಾಬಾಯಿ, ಅಂವ ನನ್ನ ಹೆಂಡತಿ ತಮ್ಮ. ಅವನ ಕಡೆ ಹೇಳಿದ್ರೂ ತಪ್ಪು, ನಿನ್ನ ಕಡೆ ಹೇಳಿದ್ರೂ ತಪ್ಪು. ಅದಕ್ಕ ಇದರಾಗ ನಾ ಬಾಯಿ ಹಾಕಂಗಿಲ್ಲ."

ಎಂಥ ಧರ್ಮಸೂಕ್ಷ್ಮ ಎಂದು ಕಟ್ಟೆಯವರೆಲ್ಲ ತಲೆದೂಗಿದರು. ರಮಾಬಾಯಿ ಸೆರಗು ಕೊಡವಿ ಎದ್ದಳು.

"ನಿಮ್ಮ ತಕ್ಕಡಿ ಭಾಳ ಸಮ ಅದರಿ ಗೌಡ್ರ. ಅದರಾಗ ಏನೂ ಇಟ್ಟಿಲ್ಲಲ್ರಿ, ಅದಕ್ಕ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಅತ್ತೆಗೆ ಇದೆಲ್ಲ ಕೇಳಿಸಿತ್ತು. ಅವಳು ಮರುದಿನ ಆಳುಗಳನ್ನು ಕರೆದುಕೊಂಡು ಹೋಗಿ, ತಮ್ಮದೇ ಹೊಲದ ಅಂಚಿನ ಕಬ್ಬಿನ ಸಾಲು ಕಡಿಸಿ ದಾರಿ ಮಾಡಿಸಿದಳು. ರಮಾಬಾಯಿಯ ಕಬ್ಬು ಟ್ರ್ಯಾಕ್ಟರ್ ಏರಿ ಹೊರಬಿತ್ತು. "ಗೌಡ್ರ ನ್ಯಾಯ ಅಂದ್ರ ಹಿಂಗ ಇರಬೇಕು," ಎಂದು ಊರು ಹೊಗಳಿತು. ಮಾವ ಬೇಡವೆನ್ನಲಿಲ್ಲ. ಹೊಗಳುವವರ ಮನಸ್ಸು ನೋಯಿಸುವುದೂ ಅನ್ಯಾಯವೇ ಅಲ್ಲವೆ?

ಮುಂದಿನ ನಾಗರಪಂಚಮಿಗೆ ಮಲ್ಲಣ್ಣ ಎಂದಿನಂತೆ ಅಕ್ಕನನ್ನು ತವರಿಗೆ ಕರೆಯಲು ಬರಲಿಲ್ಲ. ಮುಳ್ಳು ಹಚ್ಚಿದವನಿಗೆ ಏನೂ ಆಗಲಿಲ್ಲ, ದಾರಿ ಕೊಟ್ಟವಳಿಗೆ ತವರು ತಪ್ಪಿತು. ಅತ್ತೆ ಉಂಡಿ ಕಟ್ಟಿ, ಹೊಸ ಸೀರೆ ಉಟ್ಟು, ಬಾಗಿಲಲ್ಲೇ ಕೂತಿದ್ದಳು. ಮಧ್ಯಾಹ್ನ ರಮಾಬಾಯಿ ಬಂದಳು.

"ಅಕ್ಕಾ, ನಮ್ಮನಿಗೆ ಬರ್ರಿ."

ಅಂಥವರ ಮನೆಯಲ್ಲಿ ಅತ್ತೆ ಅಲ್ಲಿಯವರೆಗೆ ನೀರೂ ಕುಡಿದವಳಲ್ಲ. ದಾರಿ ಕೊಡುವುದು ಸುಲಭವಿತ್ತೇನೋ, ಇದು ಅಲ್ಲ. 

"ಮಂದಿ ಏನಂತಾರ?" ಅಂದ ಮಾವ.

"ದಾರಿ ನೀವ ಕೊಟ್ಟೀರಿ ಅಂತ ಮಂದಿ ಹೇಳಾಕತ್ತಾರಲ್ರಿ. ಆ ದಾರಿ ಹ್ಯಾಂಗದ, ನೋಡಿ ಬರ್ತೇನಿ," ಎಂದು ಅತ್ತೆ ಉಂಡಿಯ ಡಬ್ಬಿ ಎತ್ತಿಕೊಂಡಳು. ಸಂಜೆ ಅಲ್ಲೇ ಉಂಡು ಬಂದಳು. ಮಾವ ಕಟ್ಟೆಗೆ ಹೋಗುವುದು ಆಮೇಲೆ ಕಡಿಮೆಯಾಯಿತು.

ಆಳಂದದಲ್ಲಿ ನಮ್ಮ ಓಣಿಗೂ ಒಂದು ನ್ಯಾಯ ಬಂದಿದೆ. ನನ್ನ ಹಳೆಯ ದೋಸ್ತ ನಳಕ್ಕೆ ಮೋಟರ್ ಹಚ್ಚಿದ್ದಾನೆ, ಹಿಂದಿನ ಮನೆಗಳಿಗೆ ನೀರು ಬರುತ್ತಿಲ್ಲ. ಕೇಳಲು ಬಂದವರಿಗೆಲ್ಲ, "ನೀವು ನೀವ ಕೂತು ಮಾತಾಡ್ರಿ," ಎಂದು ನಾನು ಗಂಭೀರವಾಗಿ ಹೇಳುತ್ತಿದ್ದೆ. ಮೊನ್ನೆ ಬಸ್‌ಸ್ಟ್ಯಾಂಡಿನಿಂದ ನೆಟ್ಟಗೆ ದೋಸ್ತನ ಮನೆಗೇ ಹೋದೆ.

"ಮೋಟರ್ ತೆಗಿಯೋ. ಹಿಂದಿನವರಿಗೆ ನೀರು ಹೋಗವಲ್ದು."

"ನೀ ಯಾರ ಕಡೆ ಅದೀಲೇ?" ಅಂದ.

"ಹಿಂದಿನ ಮನಿಯವರ ಕಡೆ," ಅಂದೆ.

ಅವನ ಮನೆಯಲ್ಲಿ ಅವತ್ತು ಚಹಾ ಬರಲಿಲ್ಲ.